ಬಿಟ್ಟ ಕಾರ್ಡುಗಳ ಪೆಟ್ಟಿಗೆ

ನಮ್ಮ ಕಟ್ಟಡದ ನೆಲಮಹಡಿಯಲ್ಲಿ ಅಂಗಡಿ ಇಟ್ಟಿರುವ ದರ್ಜಿ ನನ್ನನ್ನು ಕಾರ್ಡಮ್ಮ ಎಂದು ಕರೆಯುತ್ತಾಳೆ. ಆ ಹೆಸರು ನನಗೆ ಬಂದದ್ದು ನಾನು ಮಾಡಿದ ಕೆಲಸದಿಂದ. ಭೂಪಟಗಳ ದೊಡ್ಡ ಪುಸ್ತಕ ಅಚ್ಚು ಹಾಕುವ ಸಂಸ್ಥೆಯೊಂದರಲ್ಲಿ ಮೂವತ್ತೊಂದು ವರ್ಷ ಇದ್ದೆ. ಭೂಪಟ ಬಿಡಿಸುವವರು ಮೇಲಿನ ಮಹಡಿಯಲ್ಲಿ, ಒಳ್ಳೆಯ ಬೆಳಕಿನಲ್ಲಿ ಕೂರುತ್ತಿದ್ದರು. ಪುಸ್ತಕದ ಕೊನೆಯಲ್ಲಿ ಬರುವ ಊರುಗಳ ಪಟ್ಟಿ ಮಾಡುವ ನಾವು ಆರು ಜನ ಹೆಂಗಸರು ಕೆಳಗೆ, ಟ್ಯೂಬ್‌ಲೈಟಿನಡಿಯಲ್ಲಿ. ಊರಿಗೊಂದು ಕಾರ್ಡು: ಹೆಸರು, ದೇಶ, ಪುಟ, ಚೌಕ, ಜನಸಂಖ್ಯೆ, ಪಕ್ಕದಲ್ಲಿ ನದಿಯಿದ್ದರೆ ನದಿ, ಬೆಟ್ಟವಿದ್ದರೆ ಬೆಟ್ಟ. ಭೂಮಿಯೆಲ್ಲ ನಮ್ಮ ಬೆರಳ ತುದಿಯಲ್ಲಿತ್ತು. ರೈಲಿನಲ್ಲಿ ಒಂದು ಹಗಲಿಗಿಂತ ಹೆಚ್ಚು ದೂರ ಹೋದವರು ಮಾತ್ರ ನಮ್ಮಲ್ಲಿ ಯಾರೂ ಇರಲಿಲ್ಲ.

ನಮಗೆ ತಲೆನೋವು ತರುತ್ತಿದ್ದದ್ದು ಒಂದೇ ಹೆಸರಿನ ಊರುಗಳು. ಹಿಂದೆ ಹಡಗು ಹತ್ತಿ ಹೋದವರು, ಹೊಸ ನೆಲದಲ್ಲಿ ಮೊದಲ ಗುಡಿಸಲು ಎದ್ದ ಕೂಡಲೇ, ಬಿಟ್ಟುಬಂದ ಊರಿನ ಹೆಸರನ್ನೇ ಹಲಗೆಯ ಮೇಲೆ ಬರೆದು ನೆಟ್ಟುಬಿಡುತ್ತಿದ್ದರು. ಅವರ ಮಕ್ಕಳು ಇನ್ನೂ ಮುಂದೆ ಹೋಗಿ ಮತ್ತೆ ಅದನ್ನೇ ನೆಡುತ್ತಿದ್ದರು. ಹೀಗೆ ಒಂದು ಹೆಸರು ನಾಲ್ಕು ದೇಶಕ್ಕೆ ಹಬ್ಬುತ್ತಿತ್ತು. ಆಫೀಸಿನಲ್ಲಿ ನಾವು ಅಂಥ ಊರುಗಳನ್ನು ಹೆಸರಿನಿಂದ ಕರೆಯುತ್ತಲೇ ಇರಲಿಲ್ಲ. ಹಳೆಯದು, ಬಂದರಿನದು, ಗಣಿಯದು, ಸೇತುವೆಯದು ಎನ್ನುತ್ತಿದ್ದೆವು. ಕೇಳಿದವರಿಗೆ ಸೊಸೆಯಂದಿರ ಬಗ್ಗೆ ಮಾತಾಡುತ್ತಿದ್ದೇವೆ ಅನ್ನಿಸಬೇಕು.

ದರ್ಜಿಗೆ ಒಬ್ಬಳು ತಂಗಿ. ತೆಳ್ಳಗೆ, ಉದ್ದಕ್ಕೆ ಇದ್ದದ್ದರಿಂದ ಮನೆಯಲ್ಲಿ ಅವಳನ್ನು ಸೂಜಿ ಅನ್ನುತ್ತಿದ್ದರು. ತಾಯಿ ತೀರಿಕೊಂಡಾಗ ಸೂಜಿಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾರು. ಹೊಲಿಗೆ ಯಂತ್ರದ ಕಾಲ ಬುಡದಲ್ಲಿ, ತುಂಡುಬಟ್ಟೆಯ ರಾಶಿಯ ಮೇಲೆ ಮಲಗಿಯೇ ಆ ಮಗು ಬೆಳೆಯಿತು. ಯಂತ್ರ ನಿಂತರೆ ಎಚ್ಚರವಾಗುತ್ತಿತ್ತಂತೆ. ಮೂರು ವರ್ಷದ ಹಿಂದೆ ಅವಳು ಒಂದು ಏಜೆನ್ಸಿಯ ಮೂಲಕ ಹೊರದೇಶದ ದೊಡ್ಡ ಆಸ್ಪತ್ರೆಯೊಂದಕ್ಕೆ, ಹರಿದ ಹಾಸಿಗೆ ಬಟ್ಟೆ ಹೊಲಿಯುವ ಕೋಣೆಗೆ, ಕೆಲಸಕ್ಕೆ ಹೋದಳು. ಪ್ರತಿ ಭಾನುವಾರ ಹತ್ತು ಗಂಟೆಗೆ ಫೋನು ಮಾಡುತ್ತಾಳೆ. ಊರಿನ ಹೆಸರು ಕೇಳಿದ ದಿನವೇ ನಾನು, "ಆ ಹೆಸರಿನವು ಒಂಬತ್ತಿವೆ ಕಣೇ" ಅಂದಿದ್ದೆ. "ಒಂಬತ್ತರಲ್ಲಿ ಒಂದು ಊರಿಗೆ ನಮ್ಮವಳೊಬ್ಬಳು ಸಾಕು, ಮಿಕ್ಕವು ನೆಮ್ಮದಿಯಾಗಿರ್ಲಿ" ಎಂದು ದರ್ಜಿ ನಕ್ಕಿದ್ದಳು.

ಆ ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಗೆ ಅವಳು ಮೆಟ್ಟಿಲು ಹತ್ತಿ ಬಂದಳು. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅಳತೆಯ ಟೇಪು ಕೊರಳಲ್ಲೇ ಇತ್ತು.

"ಕಾರ್ಡಮ್ಮಾ, ರೇಡಿಯೋ ಕೇಳಿದ್ರಾ?"

"ಇಲ್ಲ. ಏನಾಯ್ತೇ?"

"ಸೂಜಿ ಇರೋ ಊರು. ಮೇಲೆ ಯಾವುದೋ ಸರೋವರವಂತೆ, ಬೆಳಗಿನ ಜಾವ ಅದರ ದಂಡೆ ಒಡೀತಂತೆ. ಅರ್ಧ ಊರು ಕೆಸರಡಿ ಹೋಗಿದೆಯಂತೆ. ದೇಶದ ಹೆಸರೂ ಅದೇ ಹೇಳಿದ್ರು, ಊರಿನ ಹೆಸರೂ ಅದೇ ಹೇಳಿದ್ರು. ಫೋನು ಹತ್ತುತ್ತಾ ಇಲ್ಲ. ಇಪ್ಪತ್ತು ಸಲ ಮಾಡ್ದೆ."

ಅವಳನ್ನು ಕೂರಿಸಿದೆ. ನೀರು ಕೊಟ್ಟೆ. ಒಂದು ಗುಟುಕು ಕುಡಿದು, ಮೇಜಿನ ಮೇಲೆ ನೀರಿನ ಗುರುತು ಬೀಳಬಾರದೆಂದು ಲೋಟವನ್ನು ತನ್ನ ಸೆರಗಿನ ಮೇಲೆ ಇಟ್ಟುಕೊಂಡಳು. ಕಷ್ಟದಲ್ಲೂ ಇನ್ನೊಬ್ಬರ ಮೇಜು ನೆನಪಿಡುವ ಹೆಂಗಸು ಅವಳು.

ನಾನು ಕಪಾಟಿನಿಂದ ಭೂಪಟದ ಪುಸ್ತಕ ಇಳಿಸಿದೆ. ನಾವು ಮಾಡಿದ ಕೊನೆಯ ಆವೃತ್ತಿ ಅದು. ಆ ದೇಶದ ಪುಟ ತೆರೆದು ಕರಾವಳಿಯ ಮೇಲೆ ಬೆರಳಿಟ್ಟೆ.

"ನೋಡು, ಇದು ಸೂಜಿಯ ಊರು. ಬಂದರು. ಸುತ್ತ ಎಲ್ಲ ಹಸಿರು ಬಣ್ಣ, ಅಂದ್ರೆ ಬಯಲು. ಇಲ್ಲಿ ಬೆಟ್ಟ ಎಲ್ಲಿದೆ ತೋರಿಸು ನೋಡೋಣ."

ಅವಳು ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳಿನಿಂದ ಪುಟದ ಮೇಲೆ ಹುಡುಕಿದಳು. "ಇಲ್ಲ."

"ಬೆಟ್ಟ ಇಲ್ಲ ಅಂದ್ಮೇಲೆ ಮೇಲಿಂದ ಸರೋವರ ಬೀಳೋದು ಹೇಗೆ? ಈಗ ಇಲ್ಲಿ ನೋಡು, ಗಡಿಯ ಆಚೆ. ಇದು ಪಕ್ಕದ ದೇಶ. ಊರಿನ ಹೆಸರು ಅದೇ. ಇದು ಬೆಟ್ಟದ ಬುಡದಲ್ಲಿದೆ, ಮೇಲೆ ನೀಲಿ ಚುಕ್ಕೆ ಕಾಣುತ್ತಲ್ಲ, ಅದು ಸರೋವರ. ರೇಡಿಯೋದವರು ಕಲಸುಮೇಲೋಗರ ಮಾಡಿದ್ದಾರೆ. ಮೂವತ್ತು ವರ್ಷದಲ್ಲಿ ಇಂಥದ್ದು ಎಷ್ಟು ನೋಡಿಲ್ಲ ನಾನು!"

"ದೇಶದ ಹೆಸರು ಸರಿಯಾಗೇ ಕೇಳಿಸ್ತಲ್ಲ?"

"ಅವರು ಹೇಳಿದ್ದೇ ತಪ್ಪು ಅಂತಿದ್ದೀನಿ. ಸೂಜಿ ಏನಂತಿದ್ಲು? ಕಿಟಕಿಯಿಂದ ನೀರು ಕಾಣುತ್ತೆ ಅಂತಿದ್ಲು ತಾನೆ? ಅದು ಸಮುದ್ರ."

"ಉಣ್ಣೆ ಕಳಿಸು, ಕೈ ಸೆಟೆದುಹೋಗುತ್ತೆ ಅಂತಿದ್ಲು."

"ಸಮುದ್ರದ ಗಾಳಿ ಏನು ಸಾಮಾನ್ಯವೇ?"

"ಮತ್ತೆ ಫೋನು?"

"ಇವತ್ತು ಆ ದೇಶಕ್ಕೆ ಎಲ್ಲರೂ ಒಟ್ಟಿಗೆ ಫೋನು ಹಚ್ಚಿದ್ದಾರೆ. ಹೇಗೆ ಹತ್ತುತ್ತೆ? ವಿಳಾಸ ಏನಾದ್ರೂ ಇದೆಯಾ?"

"ವಿಳಾಸ ಅಂದ್ರೆ ಏಜೆನ್ಸಿಯ ಅಂಚೆ ಪೆಟ್ಟಿಗೆ ನಂಬರು. ರಾಜಧಾನಿಗೆ ಹೋಗಿ ಅಲ್ಲಿಂದ ಅವಳಿಗೆ ಹೋಗುತ್ತೆ." ಅವಳು ಪುಟವನ್ನು ಮತ್ತೊಮ್ಮೆ ನೋಡಿದಳು. ನನ್ನ ಮುಖ ನೋಡಿದಳು. "ಖಂಡಿತವಾ ಕಾರ್ಡಮ್ಮ?"

"ಖಂಡಿತ ಕಣೇ. ನಿನ್ನ ತಂಗಿ ಸಮುದ್ರದ ಪಕ್ಕ ಸುಖವಾಗಿ ಕೂತು ಹರಿದ ಬಟ್ಟೆ ಹೊಲೀತಿದ್ದಾಳೆ."

ಅವಳು ಲೋಟದಲ್ಲಿ ಮಿಕ್ಕ ನೀರು ಕುಡಿದಳು. ಎದ್ದು ನಿಂತವಳು ಬಾಗಿಲ ಬಳಿ ತಿರುಗಿ, "ಪಾಪ, ಆ ಇನ್ನೊಂದು ಊರಿನವರ ಗತಿ ಏನೋ. ನಮ್ಮದಲ್ಲ ಅಂತ ಸಮಾಧಾನ ಪಡೋದಕ್ಕೂ ನಾಚಿಕೆ ಆಗುತ್ತೆ" ಅಂದಳು. ಸ್ವಲ್ಪ ಹೊತ್ತಿಗೆ ಕೆಳಗಿನಿಂದ ಹೊಲಿಗೆ ಯಂತ್ರದ ಸದ್ದು ಬಂತು.

ನಾನು ಚಹಾ ಮಾಡಿಕೊಂಡೆ. ಸುಳ್ಳು ಹೇಳಬಾರದು, ನನಗೆ ಹಿಗ್ಗಾಗಿತ್ತು. ಸಂಸ್ಥೆ ಮುಚ್ಚಿ ಹನ್ನೊಂದು ವರ್ಷದ ಮೇಲೆ ನನ್ನ ವಿದ್ಯೆ ಒಬ್ಬರ ಉಪಯೋಗಕ್ಕೆ ಬಂದಿತ್ತು. ಆ ಹಿಗ್ಗಿನಲ್ಲೇ ಪುಸ್ತಕ ಎತ್ತಿಡುವ ಮುಂಚೆ ಕೊನೆಯ ಪಟ್ಟಿ ತೆರೆದು ಆ ಹೆಸರು ಹುಡುಕಿದೆ. ಇತ್ತು. ಒಂದರ ಕೆಳಗೊಂದು ಒಂಬತ್ತು ಸಾಲು. ಒಂಬತ್ತನೆಯದು ಪುಟದ ಕಟ್ಟಕಡೆಯ ಸಾಲು.

ಪುಟದ ಕಟ್ಟಕಡೆಯ ಸಾಲು. ಚಹಾದ ಲೋಟ ಕೆಳಗಿಟ್ಟೆ.

ನಮ್ಮ ಕೆಲಸದ ಒಂದು ರೀತಿ ಹೇಳಬೇಕು. ಪಟ್ಟಿಯಲ್ಲಿ ಪುಟಕ್ಕೆ ಇಷ್ಟೇ ಸಾಲು ಎಂದು ಲೆಕ್ಕ. ಕರಡು ಅಚ್ಚಾಗಿ ಬಂದ ಮೇಲೆ ಒಂದು ಸಾಲು ಹೆಚ್ಚಾದರೂ ಮುಂದಿನ ಪುಟಗಳೆಲ್ಲ ಜರುಗುತ್ತವೆ, ಅಚ್ಚಿನವರು ಮೈಮೇಲೆ ಬರುತ್ತಾರೆ. ಆಗ ನಮ್ಮ ಮುಖ್ಯಸ್ಥೆ ಕನ್ನಡಕದ ಮೇಲಿನಿಂದ ನೋಡಿ, "ಒಂದು ಊರು ತೆಗೀರಿ" ಅನ್ನುತ್ತಿದ್ದರು. ಯಾವುದನ್ನು ತೆಗೆಯಬೇಕು ಎಂಬುದಕ್ಕೆ ನಿಯಮವಿತ್ತು: ಒಂದೇ ದೇಶದಲ್ಲಿ ಒಂದೇ ಹೆಸರಿನವು ಎರಡಿದ್ದರೆ ಚಿಕ್ಕದನ್ನು ಬಿಡುವುದು. ಪಟ್ಟಿಯಿಂದ ಬಿಟ್ಟರೆ ಭೂಪಟದಿಂದಲೂ ಆ ಚುಕ್ಕೆ ಅಳಿಸುತ್ತಿದ್ದರು, ಹುಡುಕಿದವರಿಗೆ ಗೊಂದಲವಾಗಬಾರದೆಂದು. ಹಾಗೆ ಬಿಟ್ಟ ಕಾರ್ಡುಗಳಿಗೊಂದು ಪೆಟ್ಟಿಗೆ ಇತ್ತು. ಸಂಸ್ಥೆ ಮುಚ್ಚಿದ ದಿನ ಮಿಕ್ಕ ಕಾರ್ಡುಗಳೆಲ್ಲ ರದ್ದಿಗೆ ಹೋದವು. ಈ ಒಂದು ಪೆಟ್ಟಿಗೆಯನ್ನು ನಾನು ಕೇಳಿ ತಂದುಕೊಂಡಿದ್ದೆ. ಒಮ್ಮೆ ಹೊರಗೆ ಹಾಕಿಸಿಕೊಂಡ ಊರುಗಳು ಎರಡನೆಯ ಸಲವೂ ಹಾಗೆ ಹೋಗುವುದು ನೋಡಲಾಗಲಿಲ್ಲ.

ಪೆಟ್ಟಿಗೆ ಮಂಚದ ಕೆಳಗಿತ್ತು. ಮಂಡಿಯೂರಿ ಎಳೆದೆ. ಕಾರ್ಡು ಸಿಗಲು ಎರಡು ನಿಮಿಷವೂ ಬೇಕಾಗಲಿಲ್ಲ, ಅಷ್ಟು ಅಚ್ಚುಕಟ್ಟಾಗಿ ಜೋಡಿಸಿದ್ದೆ. ಅದೇ ಹೆಸರು. ಅದೇ ದೇಶ. ಪಕ್ಕದ ದೇಶವಲ್ಲ, ಅದೇ ದೇಶ. ಬೆಟ್ಟ. ಮೇಲೆ ಒಂದು ಮೈಲಿಗೆ ಸರೋವರ. ಜನಸಂಖ್ಯೆ ಆರುನೂರ ನಲವತ್ತು. ಕ್ಷಯರೋಗಿಗಳ ದೊಡ್ಡ ಆಸ್ಪತ್ರೆ. ಕೆಳಗೆ ಪೆನ್ಸಿಲಿನಲ್ಲಿ "ಜಾಗವಿಲ್ಲ" ಎಂದಿತ್ತು. ಅಕ್ಷರ ನನ್ನದು.

ಹತ್ತು ಊರುಗಳಿದ್ದವು. ಹತ್ತನೆಯದನ್ನು ತೆಗೆದವಳು ನಾನು. ತೆಗೆದು, ಮರೆತು, ಒಂಬತ್ತು ಎಂದು ನಂಬಿಕೊಂಡು, ನಂಬಿಸಿ ಕಳಿಸಿದವಳೂ ನಾನೇ.

ನಮ್ಮ ಮಹಡಿಯಿಂದ ಕೆಳಕ್ಕೆ ಮೂವತ್ತನಾಲ್ಕು ಮೆಟ್ಟಿಲು. ಮಂಡಿನೋವಿನವಳು ಅಂದು ಕಾರ್ಡು ಹಿಡಿದು ಹೇಗೆ ಇಳಿದೆನೋ ತಿಳಿಯದು. ಯಂತ್ರದ ಸದ್ದು ಯಾವಾಗ ನಿಂತಿತ್ತೋ ಗಮನಿಸಿರಲಿಲ್ಲ. ಅಂಗಡಿಗೆ ಬೀಗ ಹಾಕಿತ್ತು. ಬಾಗಿಲ ಮೇಲೆ ಚೀಟಿ: "ಯೂನಿಫಾರ್ಮ್ ಕೊಡಲು ಶಾಲೆಗೆ ಹೋಗಿದ್ದೇನೆ. ಅರ್ಧ ಗಂಟೆಯಲ್ಲಿ ಬರುತ್ತೇನೆ." ನಾನು ಸಮಾಧಾನ ಹೇಳಿದ್ದಕ್ಕೆ ತಾನೆ ಅವಳು ಕೆಲಸಕ್ಕೆ ಹೊರಟದ್ದು!

ಆಗ ಒಳಗೆ ಫೋನು ಬಡಿದುಕೊಳ್ಳಲು ಶುರುವಾಯಿತು.

ಕಿಟಕಿಗೆ ಕಬ್ಬಿಣದ ಸರಳುಗಳಿದ್ದವು. ಒಳಗೆ ಇಸ್ತ್ರಿ ಹಾಕುವ ಹಲಗೆಯ ಮೇಲೆ, ಚಾರ್ಜರಿನ ತಂತಿ ಸಿಕ್ಕಿಸಿಕೊಂಡು, ಅವಳ ಫೋನು ಬೆಳಗುತ್ತ ನಡುಗುತ್ತಿತ್ತು. ಸರಳಿನ ನಡುವೆ ತೋಳು ತೂರಿಸಿದೆ. ಮೊಣಕೈವರೆಗೆ ಹೋಯಿತು, ಮುಂದೆ ಹೋಗಲಿಲ್ಲ. ನನ್ನ ಬೆರಳಿಗೂ ಫೋನಿಗೂ ಒಂದೂವರೆ ಮೊಳ ಅಂತರ. ಪಕ್ಕದಂಗಡಿಯ ಗಡಿಯಾರ ರಿಪೇರಿಯವನು ಕಣ್ಣಿಗೆ ಸಿಕ್ಕಿಸಿದ್ದ ಮಸೂರವನ್ನೂ ತೆಗೆಯದೆ ಓಡಿಬಂದ.

"ಏನಾಯ್ತು ಅಮ್ಮ?"

"ಆ ಫೋನು ಎತ್ತಬೇಕು. ಹೇಗಾದ್ರೂ ಎತ್ತಪ್ಪ."

ಅವನು ಛತ್ರಿ ತಂದು ಹಿಡಿಕೆಯ ಕೊಕ್ಕೆಯಿಂದ ತಂತಿ ಎಳೆಯಲು ನೋಡಿದ. ರಿಂಗು ನಿಂತಿತು. ಮತ್ತೆ ಶುರುವಾಯಿತು, ಈ ಸಲ ಇನ್ನೂ ಉದ್ದವಾಗಿ. ಅವನು ತಂತಿ ಎಳೆದ. ಫೋನು ಹಲಗೆಯ ಅಂಚಿಗೆ ಬಂತು, ಜಾರಿತು, ನೆಲಕ್ಕೆ ಬಿದ್ದು ಯಂತ್ರದ ಕೆಳಗೆ ಹೋಯಿತು. ಅಲ್ಲಿಂದಲೂ ಬಡಿದುಕೊಂಡಿತು, ತುಂಡುಬಟ್ಟೆಯ ಮೇಲೆ, ಸೂಜಿ ಮಗುವಾಗಿ ಮಲಗುತ್ತಿದ್ದ ಜಾಗದಲ್ಲಿ. ಆಮೇಲೆ ನಿಂತಿತು. ಅವನ ಅಂಗಡಿಯ ಗಡಿಯಾರಗಳೆಲ್ಲ ಹನ್ನೊಂದು ದಾಟಿ ಹತ್ತು ನಿಮಿಷ ತೋರಿಸುತ್ತಿದ್ದವು. ಅವನು ಒಂದು ಸ್ಟೂಲು ತಂದು ನನ್ನನ್ನು ಕೂರಿಸಿ, ಸರಳಿಗೆ ತರಚಿದ ನನ್ನ ತೋಳಿಗೆ ತನ್ನ ಶುದ್ಧವಾದ ಒರೆಸುಬಟ್ಟೆ ಕಟ್ಟಿದ.

ದರ್ಜಿ ಬಂದದ್ದು ಹನ್ನೊಂದೂವರೆಗೆ. ದೂರದಿಂದಲೇ ನಗುತ್ತಿದ್ದಳು. ಕೈಯಲ್ಲಿ ಬಾಳೆಹಣ್ಣು. "ಕಾರ್ಡಮ್ಮ, ನಿಮಗೇ ತಂದೆ. ಬೆಳಿಗ್ಗೆ ಒಳ್ಳೆ ಮಾತು ಹೇಳಿದ್ರಲ್ಲ, ಅದಕ್ಕೆ. ಇದೇನು, ಬಿದ್ರಾ?"

ಏನು ಹೇಳಬೇಕೆಂದು ಅಷ್ಟು ಹೊತ್ತು ಯೋಚಿಸಿ ಕೂತಿದ್ದೆ. ಕಾರ್ಡು ಅವಳ ಕೈಗೆ ಕೊಟ್ಟೆ. ಅವಳು ಬಾಳೆಹಣ್ಣನ್ನು ಕಂಕುಳಿಗೆ ಸಿಕ್ಕಿಸಿಕೊಂಡು ನಿಧಾನವಾಗಿ ಓದಿದಳು.

"ಇದೇನು?"

"ಹತ್ತನೇ ಊರು. ಅದೇ ದೇಶ. ನಾನು ಪಟ್ಟಿಯಿಂದ ತೆಗೆದಿದ್ದೆ, ಮರೆತಿದ್ದೆ. ಆಸ್ಪತ್ರೆ ಅಲ್ಲೇ ಇದೆ. ರೇಡಿಯೋದವರು ಸರಿಯಾಗೇ ಹೇಳಿದ್ದಾರೆ ಕಣಮ್ಮ. ನನ್ನದೇ ತಪ್ಪು. ಮತ್ತೆ... ನೀನಿಲ್ಲದಾಗ ಎರಡು ಸಲ ಫೋನು ಬಂತು."

ಅವಳು ಕಿರುಚುತ್ತಾಳೆ ಅಂದುಕೊಂಡಿದ್ದೆ. ಕಿರುಚಲಿಲ್ಲ. ಬೀಗ ತೆಗೆದು, ನಾನು ತೋರಿಸಿದ ಕಡೆ ಹೋದಳು. ಯಂತ್ರದ ಕೆಳಗೆ ತೆವಳಿ ಫೋನು ತೆಗೆದಳು. ಆ ದೇಶದ್ದೇ ನಂಬರು, ಸೂಜಿಯದಲ್ಲ. ತಿರುಗಿ ಮಾಡಿದಳು. ರಿಂಗಾಗುತ್ತಿತ್ತು, ಯಾರೂ ಎತ್ತಲಿಲ್ಲ. ಮತ್ತೆ ಮಾಡಿದಳು. ಮತ್ತೆ.

"ಜಾಗ ಇರ್ಲಿಲ್ವಾ?" ಎಂದಳು, ನನ್ನ ಕಡೆ ನೋಡದೆ. "ಇಷ್ಟು ದಪ್ಪ ಪುಸ್ತಕ. ಒಂದು ಊರಿಗೆ ಜಾಗ ಇರ್ಲಿಲ್ವಾ ಕಾರ್ಡಮ್ಮ?"

ಜಾಗವಿಲ್ಲದ್ದು ಒಂದೇ ಸಾಲಿಗೆ. ನಾನು ಗಡಿಯಾರದವನ ಫೋನು ಕೇಳಿ ತೆಗೆದುಕೊಂಡೆ.

ಹೊರದೇಶದ ನಂಬರು ಹುಡುಕಿಕೊಡುವ ವಿಚಾರಣೆಯವರಿಗೆ ಫೋನು ಮಾಡಿ ಆ ಊರಿನ ಆಸ್ಪತ್ರೆ ಕೇಳಿದೆ. ಅವರಲ್ಲಿದ್ದದ್ದೂ ಒಂದೇ. ಬಂದರಿನದು. ತಪ್ಪು ಊರೆಂದು ಗೊತ್ತಿದ್ದೂ ಅದಕ್ಕೇ ಮಾಡಿದೆ, ಬೇರೆ ದಾರಿ ಇರಲಿಲ್ಲ. ನೆಗಡಿಯಾದ ದನಿಯ ಒಬ್ಬ ಆಪರೇಟರ್ ಹೆಂಗಸು ಎತ್ತಿದಳು.

ಆ ದೇಶದ ಭಾಷೆ ನನಗೆ ಬರುತ್ತದೆ ಅನ್ನುವಂತಿಲ್ಲ. ಭೂಪಟದಲ್ಲಿ ಬರುವ ಮಾತುಗಳಷ್ಟೇ ಗೊತ್ತು: ಹೊಳೆ, ಸರೋವರ, ಬಂದರು, ಸೇತುವೆ, ಬೆಟ್ಟ, ಮೇಲಿನ, ಕೆಳಗಿನ, ಹಳೆಯ, ಆಳವಾದ. ನಾನು, ಇಲ್ಲಿ ಎಂಬಂಥ ಒಂದೆರಡು ಮಾತೂ, ಜನಸಂಖ್ಯೆ ಬರೆದು ಬರೆದು ಎಣಿಕೆಯೂ ಬರುತ್ತದೆ. ಹೇಗಿದ್ದೀಯ, ಬದುಕಿದ್ದಾಳಾ ಎಂಬ ಮಾತು ಯಾವ ಭೂಪಟದಲ್ಲೂ ಇರುವುದಿಲ್ಲ. ಆದ್ದರಿಂದ ಇದ್ದದ್ದನ್ನೇ ಹೇಳಿದೆ. ಊರಿನ ಹೆಸರು ಹೇಳಿ, "ಬೆಟ್ಟ. ಸರೋವರ" ಅಂದೆ. ಅವಳು ದಣಿದ ದನಿಯಲ್ಲಿ ಏನೋ ಹೇಳಿದಳು. ಇದು ಆ ಊರಲ್ಲ ಎನ್ನುತ್ತಿದ್ದಾಳೆ ಅನ್ನಿಸಿತು. ಬೆಳಗಿನಿಂದ ಎಷ್ಟು ಜನ ಹೀಗೆ ತಪ್ಪಿ ಅವಳಿಗೆ ಮಾಡಿದ್ದರೋ! ಅವಳು ಫೋನು ಇಟ್ಟುಬಿಡುತ್ತಾಳೆ ಎಂದು ಹೆದರಿ ನೆನಪನ್ನೆಲ್ಲ ಕೆದಕಿದೆ. ಆ ದೇಶದಲ್ಲಿ ಪಕ್ಕಪಕ್ಕದ ಎರಡು ಶಿಖರಗಳಿಗೆ ಅಕ್ಕತಂಗಿ ಎಂದು ಹೆಸರು, ಆ ಕಾರ್ಡು ನಾನೇ ಬರೆದದ್ದು.

"ಅಕ್ಕ, ತಂಗಿ," ಅಂದೆ. "ಅಕ್ಕ ಇಲ್ಲಿ. ತಂಗಿ, ಬೆಟ್ಟ."

ಆ ಕಡೆ ಕಾಗದ ಸರಿಸುವ ಸದ್ದು. ಅವಳು ದನಿ ಇಳಿಸಿ, ಮಗುವಿಗೆ ಹೇಳುವ ಹಾಗೆ ಒಂದೊಂದೇ ಮಾತು ಬಿಡಿಸಿ ಕೇಳಿದಳು. ಹೆಸರು ಕೇಳುತ್ತಿದ್ದಾಳೆ ಎಂದು ತಿಳಿಯಿತು. ಸೂಜಿಯ ಪೂರ್ತಿ ಹೆಸರನ್ನು ಅಕ್ಷರ ಅಕ್ಷರವಾಗಿ ಹೇಳಿದೆ, ದರ್ಜಿಯ ನಂಬರನ್ನೂ ಹೇಳಿದೆ. ಅವಳು ಎರಡನ್ನೂ ತಿರುಗಿ ಒಪ್ಪಿಸಿ, "ನಲವತ್ತೇಳು" ಅಂದಳು. ಅವಳ ಪಟ್ಟಿಯಲ್ಲಿ ನಾವು ನಲವತ್ತೇಳನೆಯವರು. ತನ್ನದಲ್ಲದ ಊರಿಗಾಗಿ ಅವಳು ಬೆಳಗಿನಿಂದ ಹೀಗೆ ಬರೆದುಕೊಳ್ಳುತ್ತ ಕೂತಿದ್ದಳು.

ಆಮೇಲೆ ಕಾಯುವುದೊಂದೇ ಕೆಲಸ. ದರ್ಜಿ ಯಂತ್ರದ ಮುಂದೆ ಕೂತು ಒಂದು ಕಾಲರು ಹೊಲಿದಳು, ಬಿಚ್ಚಿದಳು, ಅದನ್ನೇ ಮತ್ತೆ ಹೊಲಿದಳು. ಗಡಿಯಾರದವನು ಎರಡು ಲೋಟ ಚಹಾ ಇಟ್ಟುಹೋದ, ಆರಿದ ಮೇಲೆ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದ. ನಾನು ಎದ್ದು ಹೋಗಲೇ ಎಂದು ಒಮ್ಮೆ ಕೇಳಿದೆ.

"ಹೋಗಿ ಏನ್ಮಾಡ್ತೀರಾ? ಅವರ ಮಾತು ನಿಮಗೊಬ್ಬರಿಗೇ ಅಷ್ಟೋ ಇಷ್ಟೋ ಗೊತ್ತಾಗೋದು. ಕೂತ್ಕೊಳ್ಳಿ." ಹಲ್ಲಿನಿಂದ ನೂಲು ಕಡಿದು, "ನೋಡಿದ್ರೆ ಕೋಪ ಬರುತ್ತೆ. ಆದ್ರೂ ಕೂತ್ಕೊಳ್ಳಿ" ಅಂದಳು.

ಎರಡು ಗಂಟೆಗೆ ಆ ಅಪರಿಚಿತ ನಂಬರಿನಲ್ಲಿ ಕೊನೆಗೂ ಯಾರೋ ಎತ್ತಿದರು. ಗಂಡಸಿನ ದನಿ, ಹಿಂದೆ ಲಾರಿಯ ಗದ್ದಲ. ದರ್ಜಿ ಫೋನನ್ನು ನನ್ನ ಕಿವಿಗೆ ಒತ್ತಿ ತಾನೂ ಕಿವಿ ಹಚ್ಚಿದಳು. ಅವನು ಜೋರಾಗಿ, ಗಡಿಬಿಡಿಯಲ್ಲಿ ಹೇಳುತ್ತಿದ್ದ. ಅದರಲ್ಲಿ ನನಗೆ ದಕ್ಕಿದ್ದು "ಕೆಳಗಿನ", "ಸೇತುವೆ", "ಬಂದರು". ನಡುವೆ ಒಂದು ಮಾತನ್ನು ಸೊಟ್ಟಗೆ ಉಚ್ಚರಿಸಿದ. ಎರಡನೆಯ ಸಲ ಹೇಳಿದಾಗ ದರ್ಜಿಯ ಉಗುರು ನನ್ನ ಭುಜಕ್ಕೆ ಇಳಿಯಿತು.

"ಸೂಜಿ ಅಂದ! ಕೇಳಿದ್ರಾ? ಸೂಜಿ ಅಂತ ಅಂದ ಅವನು!"

ಫೋನು ಕಡಿದುಹೋಯಿತು.

"ಆ ಹೆಸರು ಅವನಿಗೆ ಹೇಗೆ ಗೊತ್ತು? ಅವಳೇ ಹೇಳಿರ್ಬೇಕು. ಅಂದ್ರೆ ಮಾತಾಡಿದ್ದಾಳೆ. ಬದುಕಿದ್ದಾಳೆ. ಬಂದರಿಗೆ ಕರ್ಕೊಂಡ್ ಹೋಗ್ತಿದ್ದಾರೆ, ಅಲ್ವಾ?"

"ಹಾಗೇ ಅನ್ನಿಸುತ್ತೆ. ಗಾಯ ಆದವರನ್ನ ಬಂದರಿನ ಆಸ್ಪತ್ರೆಗೆ ಸಾಗಿಸ್ತಿರಬೇಕು." ಖಂಡಿತ ಎಂಬ ಮಾತನ್ನು ನಾನು ಮತ್ತೆ ಬಳಸಲಿಲ್ಲ.

ಅವಳು ನಕ್ಕಳು. ನಗು ಮುಖದ ಮೇಲಿರುವಾಗಲೇ ಏನೋ ಹೊಳೆದು ಅದು ಅಲ್ಲೇ ನಿಂತಿತು. "ಹನ್ನೊಂದು ಹತ್ತಕ್ಕೆ ಅವನ ಫೋನಿಂದ ನನ್ನ ಹತ್ರ ಮಾತಾಡೋಕೆ ನೋಡಿದ್ದಾಳೆ," ಅಂದಳು. "ಎರಡು ಸಲ. ಬೆಳಿಗ್ಗೆ ಹೆದರಿಕೊಂಡೇ ಇದ್ದಿದ್ರೆ ನಾನು ಈ ಫೋನು ಬಿಟ್ಟು ಕದಲ್ತಿರ್ಲಿಲ್ಲ." ಮತ್ತೆ ಕಾಲರಿನ ಹೊಲಿಗೆ ಬಿಚ್ಚತೊಡಗಿದಳು.

ಐದೂವರೆಗೆ ಫೋನು ಬಂತು. ಅದೇ ನೆಗಡಿಯ ದನಿ.

"ನಲವತ್ತೇಳು," ಎಂದಳು. ಆಮೇಲೆ ಸೂಜಿಯ ಹೆಸರನ್ನು, ನಾನು ಹೇಳಿದ ಹಾಗೆಯೇ, ಒಂದಕ್ಷರ ತಪ್ಪದೆ. "ತಂಗಿ. ಇಲ್ಲಿ."

"ಇದ್ದಾಳೆ," ಅಂದೆ ದರ್ಜಿಗೆ. "ಬಂದರಿನ ಆಸ್ಪತ್ರೆಲಿ ಇದ್ದಾಳೆ."

ಅವಳು ಫೋನು ಕಿತ್ತುಕೊಳ್ಳಲು ಬಂದಳು. ಆ ಹೆಂಗಸು ಇನ್ನೂ ಹೇಳುತ್ತಿದ್ದಳು. ನನಗೆ ಗೊತ್ತಿರುವ ಮಾತುಗಳು ಇಷ್ಟೇ ಎಂದು ಅವಳಿಗೆ ನೆನಪಿತ್ತು. ತಡಕಿ, ತಡಕಿ, ಅವುಗಳೊಳಗೇ ಹುಡುಕಿ, "ಆಳ," ಎಂದಳು. "ಬಹಳ ಆಳ." ಗಾಯವೋ, ನಿದ್ದೆಯೋ ತಿಳಿಯಲಿಲ್ಲ. ನಾನು "ಅಕ್ಕ" ಎಂದಷ್ಟೇ ಹೇಳಿದೆ. ಅವಳಿಗೆ ಅರ್ಥವಾಯಿತು. ಕುರ್ಚಿ ಹಿಂದೆ ಸರಿದ ಸದ್ದು, ಓಡುವ ಹೆಜ್ಜೆ, ಒಂದು ಬಾಗಿಲು, ಮತ್ತೊಂದು ಬಾಗಿಲು. ಅವಳು ತನ್ನ ಜಾಗ ಬಿಟ್ಟು ಫೋನು ಹಿಡಿದುಕೊಂಡು ನಮಗಾಗಿ ಓಡುತ್ತಿದ್ದಳು. ಆಮೇಲೆ ಹತ್ತಿರದಲ್ಲಿ ಒಂದು ಉಸಿರು ಕೇಳಿಸಿತು, ಗರಗಸ ಎಳೆದ ಹಾಗೆ. ಫೋನನ್ನು ದರ್ಜಿಗೆ ಕೊಟ್ಟೆ.

"ಸೂಜೀ, ನಾನು ಕಣೇ. ಅಕ್ಕ. ಮಾತಾಡ್ಬೇಡ ನೀನು, ಸುಮ್ನೆ ಕೇಳಿಸ್ಕೋ. ಬೆಳಿಗ್ಗೆ ಫೋನ್ ಮಾಡಿದ್ಯಲ್ಲ, ಶಾಲೆಗೆ ಯೂನಿಫಾರ್ಮ್ ಕೊಡೋಕೆ ಹೋಗಿದ್ದೆ ಕಣೇ, ಈ ಹಾಳು ಫೋನು ಇಲ್ಲೇ ಬಿಟ್ಟು ಹೋಗಿದ್ದೆ. ಬೈಯೋದಿದ್ರೆ ಬಂದು ಬೈಯಿ. ಬರ್ತೀಯ ತಾನೆ? ನಿನ್ನ ಹಾಸಿಗೆ ಇನ್ನೂ ಸುತ್ತಿ ಅಟ್ಟದ ಮೇಲೆ ಹಾಕಿಲ್ಲ, ಗೊತ್ತಾ? ಉಣ್ಣೆ ಸಾಲ್ತಾ? ತೋಳು ಉದ್ದ ಆಯ್ತಾ? ನಿನ್ನ ತೋಳಿಗೆ ಯಾವ ಅಳತೆಯೂ ಸರಿಹೋಗಲ್ಲ, ಕೊಕ್ಕರೆ..."

ಹಾಗೆ ಹತ್ತು ನಿಮಿಷ ಮಾತಾಡಿದಳು. ನಡುವೆ ಮಾತು ಸಿಗದೆ ಹೋದಾಗ ಕಾಲಿನಿಂದ ಯಂತ್ರ ತುಳಿದು ಫೋನನ್ನು ಅದರ ಹತ್ತಿರ ಹಿಡಿದಳು. ಬಟ್ಟೆಯಿಲ್ಲದೆ, ನೂಲಿಲ್ಲದೆ ಯಂತ್ರ ಸುಮ್ಮನೆ ಓಡಿತು. ಆ ಸದ್ದಿಗೆ ನಿದ್ದೆ ಮಾಡುತ್ತಿದ್ದ ಮಗು ಅದು. ಗಡಿಯಾರದವನು ಹೊಸಿಲ ಆಚೆ, ಕೈಯಲ್ಲಿ ಖಾಲಿ ಲೋಟ ಹಿಡಿದು ನಿಂತಿದ್ದ.

ಅವಳು ಒಮ್ಮೆಗೇ ಯಂತ್ರ ನಿಲ್ಲಿಸಿದಳು. "ಆಯಮ್ಮ ಏನೋ ಹೇಳ್ತಿದ್ದಾಳೆ. ತಗೊಳ್ಳಿ."

ತೆಗೆದುಕೊಂಡೆ. ಗರಗಸದ ಉಸಿರು ಇರಲಿಲ್ಲ. ಆಪರೇಟರ್ ಹೆಂಗಸು ಮೂಗೆಳೆದುಕೊಂಡಳು, ಆ ಸಲ ನೆಗಡಿಗಲ್ಲ. ಯಾವ ಮಾತು ಹೇಳಿದರೆ ನನಗೆ ತಿಳಿದೀತು ಎಂದು ಅವಳು ಬಹಳ ಹೊತ್ತು ಹುಡುಕಿದಳು. ಕೊನೆಗೆ ಒಂದು ಸಿಕ್ಕಿತು. ಹರಿಯದೆ ನಿಂತ ನೀರಿಗೆ ಆ ದೇಶದ ಭೂಪಟಗಳಲ್ಲಿ ಹಾಕುವ ಮಾತು. ಅಲುಗದ್ದು, ಸದ್ದಿಲ್ಲದ್ದು. ಕಾರ್ಡುಗಳಲ್ಲಿ ನೂರಾರು ಸಲ ಬರೆದಿದ್ದೆ.

ಬೆಳಿಗ್ಗೆ ಮಾಡಿದ ಹಾಗೆ ಮಾಡಬಾರದೆಂದು ಮತ್ತೆ ಕೇಳಿದೆ. ಅವಳು ಅದನ್ನೇ ಹೇಳಿದಳು. ಮೂರನೆಯ ಸಲ ಕೇಳಿದೆ. ಬೇಸರಿಸದೆ, ಅಷ್ಟೇ ಮೆಲ್ಲಗೆ, ಮೂರನೆಯ ಸಲವೂ ಹೇಳಿದಳು. ಮತ್ತೆ ಸ್ವಲ್ಪ ಬಿಟ್ಟು, "ನಾನು, ಇಲ್ಲಿ," ಎಂದಳು. ತಾನು ಅವಳ ಪಕ್ಕದಲ್ಲೇ ಇದ್ದೇನೆ ಎಂದು.

"ಏನಂತೆ?" ದರ್ಜಿ ಕೇಳಿದಳು. ನನ್ನ ಮುಖ ನೋಡಿ ಅವಳಿಗೆ ಆಗಲೇ ಗೊತ್ತಾಗಿತ್ತು. ಆದರೂ ನಾನೇ ಹೇಳಬೇಕಿತ್ತು.

"ಹೋಗ್ಬಿಟ್ಳು ಕಣಮ್ಮ. ಈಗ. ನೀನು ಯಂತ್ರ ತುಳೀತಿದ್ದಾಗ."

ಅವಳು ಟೇಪನ್ನು ಕೊರಳಿಂದ ತೆಗೆದಳು. ಬೆರಳಿಗೆ ಬಿಗಿಯಾಗಿ ಸುತ್ತಿದಳು, ಬಿಡಿಸಿದಳು, ಮತ್ತೆ ಸುತ್ತಿದಳು. ಬೆಳಿಗ್ಗೆ ನಾನು ಕೊಟ್ಟ ಕಾರ್ಡು ಯಂತ್ರದ ಮೇಜಿನ ಮೇಲೆ, ಕತ್ತರಿಯ ಪಕ್ಕ ಬಿದ್ದಿತ್ತು. ಅವಳು ಅದನ್ನು ಎತ್ತಿ ಮತ್ತೊಮ್ಮೆ ಓದಿದಳು.

"ಈಗ ಅವಳು ಇರೋದು ಬಂದರಿನ ಊರಲ್ಲಿ, ಅಲ್ವಾ?"

"ಹೌದು."

"ಪುಸ್ತಕದಲ್ಲಿ ತೋರಿಸಿದ್ರಲ್ಲ, ಅದೇ?"

"ಅದೇ."

"ಹಾಗಾದ್ರೆ ನೀವು ಹೇಳಿದ ಊರಲ್ಲೇ ಇದ್ದಾಳೆ ಬಿಡಿ ಕಾರ್ಡಮ್ಮ. ಸಮುದ್ರದ ಪಕ್ಕ."

ಅದರಲ್ಲಿ ಕೊಂಕು ಇತ್ತೋ ಇಲ್ಲವೋ ನನಗೆ ಇಂದಿಗೂ ತಿಳಿಯದು. ಫೋನು ನನ್ನ ಕೈಯಲ್ಲೇ ಇತ್ತು. ಆ ಕಡೆಯ ಹೆಂಗಸು ಇನ್ನೂ ಇಟ್ಟಿರಲಿಲ್ಲ. ನಾನೂ ಇಡಲಿಲ್ಲ.